ಕೈ ಹಿಂದಿಟ್ಟುಕೊಂಡು ಕಲಿಸಿದವಳು

ಟೈಪ್ ಮೇಡಂ ಕ್ಲಾಸಿಗೆ ಹೊಸದಾಗಿ ಬಂದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಕಂಪ್ಯೂಟರಿನ ಬಗ್ಗೆ ಅಲ್ಲವೇ ಅಲ್ಲ. "ಅಲ್ಲಾ, ಈ ಮೇಡಂ ಯಾಕೆ ಯಾವಾಗ ನೋಡಿದ್ರೂ ಕೈ ಹಿಂದೆ ಇಟ್ಕೊಂಡೇ ಓಡಾಡ್ತಾರೆ?" ಅನ್ನೋದು. ಪಕ್ಕದಲ್ಲಿ ಕೂತ ಬಸ್ ಡ್ರೈವರಣ್ಣ ಸ್ಕ್ರೀನಿನಿಂದ ಕಣ್ಣು ಕೀಳದೆ ಹೇಳುತ್ತಿದ್ದ: "ಏನೋ ಕೇಸ್ ಇರ್ಬೇಕು ಬಿಡಿ, ಬೇಡಿ ಹಾಕಿದಾರೆ."

ಕೇಸೂ ಇಲ್ಲ, ಮಣ್ಣೂ ಇಲ್ಲ. ಅದೊಂದು ಹಟ. ಆ ಹಟ ಎಲ್ಲಿಂದ ಬಂತು ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಯಸ್ಸಿನಲ್ಲಿದ್ದಾಗ ಆಕೆ ಟೈಪಿಂಗ್ ಕಲಿಸುತ್ತಿದ್ದಳು. ಉದ್ದನೆಯ ಕೋಣೆ, ಎರಡು ಸಾಲು ಮೆಷಿನ್ನು, ಟಕಟಕ ಅಂತ ಕಿವಿ ತೂತಾಗುವ ಸದ್ದು. ಆ ಸದ್ದಿನ ಮೇಲೆ ಕೇಳಿಸುವ ಹಾಗೆ ಕೂಗಿ ಕೂಗಿಯೇ ಆಕೆಯ ಗಂಟಲು ಆ ಪರಿ ಗಟ್ಟಿಯಾದದ್ದು. ಆಮೇಲೆ ಕಂಪ್ಯೂಟರ್ ಬಂತು. ಟೈಪಿಂಗಿಗೆ ಬರುವವರು ಒಬ್ಬೊಬ್ಬರೇ ಕರಗಿದರು, ಮಾಲೀಕ ಮೆಷಿನ್ನುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ, ಮೇಡಂ ಮನೆಗೆ ಬಂದು ಕೂತಳು. ಬೇರೆಯವರಾಗಿದ್ದರೆ ಕಂಪ್ಯೂಟರಿಗೆ ಶಾಪ ಹಾಕುತ್ತಾ ಕೂತಿರುತ್ತಿದ್ದರು. ಈಕೆಯೂ ಹಾಕಿದಳು, ಸುಳ್ಳು ಯಾಕೆ ಹೇಳಬೇಕು, ಮನಸಾರೆ ಹಾಕಿದಳು. ಒಂದು ದಿನ ಶಾಪವೂ ಬೇಜಾರಾಯಿತು. "ನನ್ನ ಅನ್ನ ಕಿತ್ಕೊಂಡಿದ್ದು ಅದೇನು ಅಂತ ಹೋಗಿ ನೋಡೇ ಬರ್ತೀನಿ" ಅಂತ ತಂಗಿಗೆ ಹೇಳಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅಕ್ಕ ತಂಗಿ ಇಬ್ಬರದೇ ಮನೆ. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ತಂಗಿ ಬೇಕರಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದಳು. ಅಕ್ಕ ಸಂಜೆ ಸಂಜೆ ಕಂಪ್ಯೂಟರ್ ಕಲಿಯೋಕೆ ಹೋಗಿ ಮುಖ ಊದಿಸಿಕೊಂಡು ಬರುವುದನ್ನು ಅವಳೇ ನೋಡಿದ್ದು. ಕಲಿಸುವ ಹುಡುಗ ಕೆಟ್ಟವನಲ್ಲ, ಆದರೆ ತಾಳ್ಮೆ ಅನ್ನುವುದು ಅವನ ಹತ್ತಿರವೂ ಸುಳಿದಿರಲಿಲ್ಲ. ಈಕೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಾಕು, "ಇಲ್ಲಿ ಕೊಡಿ ಆಂಟಿ" ಅಂತ ಕೀಬೋರ್ಡ್ ಎಳೆದುಕೊಂಡು, ಟಕ್ ಟಕ್ ಅಂತ ಏನೋ ಒತ್ತಿ, "ಆಯ್ತು ನೋಡಿ" ಅನ್ನುತ್ತಿದ್ದ. ಏನಾಯಿತು? ಅವನಿಗೆ ಆಯಿತು. ಈಕೆಗೆ ಸೊನ್ನೆ. ಅವನು ಊಟಕ್ಕೆ ಹೋದಾಗ ಒಬ್ಬಳೇ ಕೂತು, ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಕಲಿತದ್ದಷ್ಟೇ ಕೈಗೆ ಹತ್ತಿದ್ದು. ಅವತ್ತೇ ಅಂದುಕೊಂಡಳು: ನಾನು ಕಲಿಸುವ ದಿನ ಬಂದರೆ, ತಲೆ ಮೇಲೆ ತಲೆ ಬಿದ್ದರೂ ಕಲಿಯುವವರ ಕೀಬೋರ್ಡ್ ಮುಟ್ಟಲ್ಲ.

ಆ ದಿನ ಬಂತು. ಒಂದು ಸಂಸ್ಥೆಯವರು ದುಡಿಯುವ ದೊಡ್ಡವರಿಗೆ ಅಂತ ಸಂಜೆ ಕ್ಲಾಸು ತೆರೆದರು. ಹಳೇ ಕಟ್ಟಡದ ಮಹಡಿ ಮೇಲಿನ ಕೋಣೆ, ಯಾವುದೋ ಆಫೀಸು ಬೇಡ ಅಂತ ಎಸೆದ ಕಂಪ್ಯೂಟರುಗಳು, ತಿರುಗುವುದಕ್ಕಿಂತ ಹೆಚ್ಚು ನರಳುವ ಫ್ಯಾನು. ಪತ್ರ ಬರೆಯೋದು, ಚಿತ್ರ ಬಿಡಿಸೋದು ಬೇರೆ ಕೋಣೆಯಲ್ಲಿ. ಈಕೆಯದು ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ ಕೆಲಸ ಹೇಳುವುದು.

"ಇದು ಬುದ್ಧಿವಂತ ಅಂತ ನಿಮಗೆ ಯಾರು ಹೇಳಿದ್ರು?" ಅಂತ ಶುರುಮಾಡುತ್ತಿದ್ದಳು. "ಹೇಳಿದಷ್ಟೇ ಮಾಡೋ ಆಳು ಇದು. ಕೂತ್ಕೋ ಅಂದ್ರೆ ಕೂತ್ಕೊಳ್ಳುತ್ತೆ, ಕುರ್ಚಿ ಇದೆಯಾ ಅಂತ ತಿರುಗಿ ನೋಡಲ್ಲ. ಕುರ್ಚಿ ಇಡೋದು ನಿಮ್ಮ ಕೆಲಸ."

ಬರುತ್ತಿದ್ದವರೆಲ್ಲ ದಿನವಿಡೀ ದುಡಿದು ಸುಸ್ತಾದವರು. ಅವರಲ್ಲಿ ಆಯಮ್ಮ ಒಬ್ಬಳು. ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಯೂನಿಫಾರಂ ಬಿಚ್ಚದೆ ನೆಟ್ಟಗೆ ಕ್ಲಾಸಿಗೇ ಬರುತ್ತಿದ್ದಳು. ಮೊದಮೊದಲು ಕೀಲಿ ಮುಟ್ಟುವ ಮುಂಚೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು, ಬಿಸಿ ಪಾತ್ರೆ ಮುಟ್ಟುವ ಹಾಗೆ ಮುಟ್ಟುತ್ತಿದ್ದಳು. ಬರೆದದ್ದು ತಪ್ಪಾಗಿ ಸ್ಕ್ರೀನಿನಲ್ಲಿ ಕೆಂಪು ಅಕ್ಷರ ಬಂದರೆ ಸಾಕು, "ಸಾರಿ ಸಾರಿ" ಅಂತ ಕಂಪ್ಯೂಟರಿಗೇ ಹೇಳುತ್ತಿದ್ದಳು. ಅವಳೊಬ್ಬಳೇ ಅಲ್ಲ, ಮೀಸೆ ಹೊತ್ತ ಡ್ರೈವರಣ್ಣನೂ ಹೇಳುತ್ತಿದ್ದ. ಜನ್ಮವಿಡೀ ಮೇಲಿನವರ ಬೈಗುಳ ತಿಂದವರಿಗೆ ಕೆಂಪು ಕಂಡರೆ ಬಾಯಿಗೆ ತಾನಾಗಿ ಬರುವುದು ಅದೇ.

ಮೇಡಂಗೆ ಪಿತ್ತ ನೆತ್ತಿಗೇರುತ್ತಿತ್ತು. "ಯಾರಿಗ್ರೀ ಸಾರಿ? ನೀವೇನು ಅದರ ಕಾಲು ತುಳಿದ್ರಾ? ಅದು ಬೈತಿಲ್ಲ. ಇಂಥ ಸಾಲು ನನಗೆ ಅರ್ಥ ಆಗಲಿಲ್ಲ ಅಂತಿದೆ, ಅಷ್ಟೇ. ಯಾವ ಸಾಲು ಅಂತಾನೂ ಹೇಳಿದೆ, ಪಾಪ. ಓದಿ!"

ಕೈ ಹಿಂದೆ ಹೆಣೆದುಕೊಂಡು ನಿಂತೇ ಇರುತ್ತಿದ್ದಳು. ತಪ್ಪು ಅವಳ ಕಣ್ಣಿಗೆ ಮೊದಲೇ ಬಿದ್ದಿರುತ್ತಿತ್ತು, ಬೆರಳು ತುರಿಸುತ್ತಿತ್ತು, ಆದರೂ ಮುಟ್ಟುತ್ತಿರಲಿಲ್ಲ. ಅವರು ತಿಣುಕಿ, ಬೆವರಿ, ಕೊನೆಗೆ ತಾವೇ ಹುಡುಕಿದಾಗ ಕೋಣೆಯಲ್ಲಿ ಒಂದು "ಹಾ!" ಕೇಳಿಸುತ್ತಿತ್ತು. ಆ ಒಂದು ಸದ್ದಿಗಾಗಿ ಆಕೆ ಮಹಡಿ ಹತ್ತಿ ಬರುತ್ತಿದ್ದಳು ಅಂದರೂ ತಪ್ಪಿಲ್ಲ.

ಎಲ್ಲಾ ಸರಿಯಿತ್ತು, ಹೊಸ ಮ್ಯಾನೇಜರು ಬರುವ ತನಕ. ಇಸ್ತ್ರಿ ಮುರಿಯದ ಅಂಗಿ, ಬಾಯಿ ತೆಗೆದರೆ ಫಲಿತಾಂಶ. ಬಂದ ವಾರದಲ್ಲೇ ಮೇಡಂನ ಕ್ಲಾಸು ಅವರ ಕಣ್ಣಿಗೆ ಚುಚ್ಚಿತು.

"ತುಂಬಾ ನಿಧಾನ ಮೇಡಂ. ಈ ಕೋಣೇನ ಕಾಲೇಜು ಹುಡುಗರಿಗೆ ಕೊಟ್ರೆ ಎಷ್ಟು ಬೇಗ ಕಲಿತಾರೆ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ಹೇಳಿ?"

"ಬಗ್ಗಿಸಿ ಏನು ಮಾಡಬೇಕು ಸರ್?" ಅಂದಳು ಮೇಡಂ. "ಬಗ್ಗಿ ಬಗ್ಗಿ ಸಾಕಾಗಿಯೇ ಇಲ್ಲಿಗೆ ಬಂದಿರೋದು ಇವರು."

ಮ್ಯಾನೇಜರು ನಕ್ಕರು. ಕೊನೆಗೆ ವಿಷಯಕ್ಕೆ ಬಂದರು. ಸಂಸ್ಥೆಯ ಅಧ್ಯಕ್ಷರು, ಕಮಿಟಿಯವರು ಶನಿವಾರ ಸಂಜೆ ಕ್ಲಾಸು ನೋಡೋಕೆ ಬರುತ್ತಾರೆ. ಮೆಚ್ಚಿದರೆ ಕ್ಲಾಸು ಉಳಿಯುತ್ತದೆ, ಇಲ್ಲವಾದರೆ ತಿಂಗಳ ಕೊನೆಗೆ ಬಾಗಿಲು. "ನಾನೇ ಒಂದು ಒಳ್ಳೇ ಪ್ರೋಗ್ರಾಂ ರೆಡಿ ಮಾಡಿಸಿದ್ದೀನಿ. ಬಣ್ಣ ಬಣ್ಣವಾಗಿ ಅಂಗಡಿ ಬಿಲ್ಲು ಬರುತ್ತೆ. ಯಾರಾದ್ರೂ ಒಬ್ಬರು ಕೂತು ಗುಂಡಿ ಒತ್ತಿದ್ರೆ ಸಾಕು. ನಾವೇ ಬರೆದದ್ದು ಅನ್ನಲಿ."

ಆ ರಾತ್ರಿ ಊಟ ಮೇಡಂಗೆ ರುಚಿಸಲಿಲ್ಲ. ತಂಗಿ ತಟ್ಟೆ ನೋಡಿದಳು, ಅಕ್ಕನ ಮುಖ ನೋಡಿದಳು, ಎಲ್ಲಾ ಬಾಯಿಬಿಡಿಸಿದಳು.

"ಒಂದು ಗುಂಡಿ ತಾನೇ ಅಕ್ಕಾ? ಒತ್ತಿಸಿಬಿಡೇ. ನಿನ್ನ ಹಟದಿಂದ ಅವರ ಕ್ಲಾಸು ಹೋದ್ರೆ ಅವರು ನಿನ್ನ ಹಾಡಿ ಹೊಗಳ್ತಾರಾ?"

"ಹೊಗಳೋದು ಬೇಡ. ಅವರ ಕೈಲಿ ಸುಳ್ಳು ಹೇಳಿಸಲ್ಲ."

"ಹಾಗಾದ್ರೆ ಮನೇಲಿ ಕೂತ್ಕೋ, ಇನ್ನೊಂದ್ಸಲ."

ಇದು ನಾಟಿತು. ಮನೆಯಲ್ಲಿ ಕೂತ ಆ ಕಾಲ ಮೇಡಂಗೆ ಚೆನ್ನಾಗಿ ನೆನಪಿತ್ತು. ಅವಳಿಗೆ ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು. ಮಾರನೇ ದಿನ ಕ್ಲಾಸಿನಲ್ಲಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿ, "ಏನು ಮಾಡೋಣ?" ಅಂತ ಕೇಳಿದಳು.

ಡ್ರೈವರಣ್ಣ ಗಡ್ಡ ಕೆರೆದುಕೊಂಡ. ಆಯಮ್ಮ ಮಾತ್ರ ತಟ್ಟನೆ ಅಂದಳು: "ನಂದು ತೋರಿಸೋಣ. ಬಾಟ್ಲಿದು."

ಬಾಟ್ಲಿ ಅಂದರೆ ಡ್ರಿಪ್ ಬಾಟ್ಲಿ. ವಾರ್ಡಿನಲ್ಲಿ ರೋಗಿಯ ಕಡೆಯವರು ದಿನವಿಡೀ ಆಯಮ್ಮನ ಜೀವ ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆಗೆ: ಈ ಬಾಟ್ಲಿ ಎಷ್ಟೊತ್ತಿಗೆ ಮುಗಿಯುತ್ತೆ? ಸಿಸ್ಟರನ್ನು ಕೇಳಿದರೆ ಅವರಿಗೆ ನೂರೆಂಟು ಕೆಲಸ. ಹಾಗಾಗಿ ಆಯಮ್ಮ ಒಂದು ಪ್ರೋಗ್ರಾಂ ಬರೆದಿದ್ದಳು. ನಿಮಿಷಕ್ಕೆ ಎಷ್ಟು ಹನಿ ಬೀಳುತ್ತೆ ಅಂತ ಕೊಟ್ಟರೆ ದೊಡ್ಡ ಬಾಟ್ಲಿ ಖಾಲಿಯಾಗಲು ಎಷ್ಟು ಹೊತ್ತು ಅಂತ ಹೇಳುತ್ತಿತ್ತು. ಬಣ್ಣ ಗಿಣ್ಣ ಏನೂ ಇಲ್ಲ, ಬರೀ ಎರಡು ಸಾಲು ಉತ್ತರ. ಅದನ್ನು ಬರೆಯೋಕೆ ಅವಳಿಗೆ ಒಂದು ತಿಂಗಳು ಹಿಡಿದಿತ್ತು.

ಶನಿವಾರ ಬಂದೇ ಬಂತು. ಅಧ್ಯಕ್ಷರು ಬಂದರು, ತಲೆಯೆಲ್ಲ ಬೆಳ್ಳಗಿನ ಹಿರಿಯರು, ಹಿಂದೆ ಕಮಿಟಿಯವರು, ಅವರ ಹಿಂದೆ ಕೈ ಉಜ್ಜಿಕೊಳ್ಳುತ್ತಾ ಮ್ಯಾನೇಜರು. ಸ್ಕ್ರೀನಿನಲ್ಲಿ ಬಣ್ಣದ ಬಿಲ್ಲು ಕಾಣದೆ ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಗ ಮಾಡುವುದೇನು? ಆಯಮ್ಮ ಆಗಲೇ ಶುರುಮಾಡಿಬಿಟ್ಟಿದ್ದಳು. ನಲವತ್ತು ಹನಿ ಅಂತ ಕೊಟ್ಟಳು. ನಾಲ್ಕು ಗಂಟೆ ಹತ್ತು ನಿಮಿಷ ಅಂತ ಉತ್ತರ ಬಂತು.

ಅಧ್ಯಕ್ಷರು ಮುಂದೆ ಬಾಗಿದರು. "ಮೊನ್ನೆ ನಮ್ಮ ಮನೆಯವರಿಗೆ ಹಾಕಿದ್ದು ಸಣ್ಣ ಬಾಟ್ಲಿ. ಅದಕ್ಕೆ ಎಷ್ಟು ಅಂತ ಹೇಳುತ್ತಾ?"

"ಇಲ್ಲ ಸರ್, ಅಷ್ಟೆಲ್ಲ ಇವರಿಗೆ..." ಅಂತ ಮ್ಯಾನೇಜರು ಬಾಯಿ ಹಾಕಿದರು.

"ಈಗ ಹೇಳಲ್ಲ. ಹೇಳೋ ಹಾಗೆ ಮಾಡ್ತೀನಿ, ಇರಿ," ಅಂದಳು ಆಯಮ್ಮ.

ಆಯಮ್ಮ ಒಂದೊಂದೇ ಅಕ್ಷರ ಹುಡುಕಿ, ಬಾಟ್ಲಿ ಎಷ್ಟು ದೊಡ್ಡದು ಅಂತ ಕೇಳುವ ಒಂದು ಸಾಲು ಸೇರಿಸಿ, ಲೆಕ್ಕದಲ್ಲೂ ಅದನ್ನೇ ಹಾಕಿದಳು. ಅದೇ ನಲವತ್ತು ಹನಿ, ನೂರು ಮಿಲಿ ಅಂತ ಕೊಟ್ಟಳು, ಒತ್ತಿದಳು. ಸ್ಕ್ರೀನಿನ ತುಂಬಾ ಕೆಂಪು.

ಕಮಿಟಿಯವರೊಬ್ಬರು ಗಡಿಯಾರ ನೋಡಿಕೊಂಡರು. "ಮೇಡಂ, ಬೇಗ ಸರಿಮಾಡಿ!" ಅಂತ ಮ್ಯಾನೇಜರು ಹಲ್ಲು ಕಚ್ಚಿ ಪಿಸುಗುಟ್ಟಿದರು. ತಪ್ಪು ಮೇಡಂಗೆ ಕಂಡೇ ಇತ್ತು. ಟೈಪ್ ಮಾಡಿದ ನೂರು ಒಂದು ಸಂಖ್ಯೆ ಅಂತ ಕಂಪ್ಯೂಟರಿಗೆ ಹೇಳಬೇಕಿತ್ತು. ಹೇಳದಿದ್ದರೆ ಅದಕ್ಕೆ ಅದು ಬರೀ ಮೂರು ಗುರುತು, ಲೆಕ್ಕಕ್ಕೆ ಬಾರದು. ಒಂದೇ ಒಂದು ಪದ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆಗುವ ಕೆಲಸ. ಕ್ಲಾಸು ಉಳಿಯುತ್ತದೆ, ಮನೆಯಲ್ಲಿ ಕೂರುವುದು ತಪ್ಪುತ್ತದೆ. ಇಷ್ಟು ವರ್ಷ ಬೆನ್ನ ಹಿಂದಿದ್ದ ಕೈ ಬಿಟ್ಟುಹೋಯಿತು. ಆಯಮ್ಮನ ಭುಜದ ಮೇಲಿಂದ ಕೀಬೋರ್ಡಿನ ತನಕ ಬಂದೇಬಿಟ್ಟಿತು.

"ಕೈ ತೆಗೀರಿ ಮೇಡಂ."

ಆಯಮ್ಮ ತಿರುಗಿಯೂ ನೋಡಿರಲಿಲ್ಲ. "ತಪ್ಪು ನಂದು. ನಾನು ಹುಡುಕ್ತೀನಿ."

ಮೇಡಂ ಸುಟ್ಟುಕೊಂಡವಳ ಹಾಗೆ ಕೈ ಹಿಂದೆಳೆದಳು. ಎಷ್ಟು ನಾಚಿಕೆಯಾಯಿತೋ ಅಷ್ಟೇ ಖುಷಿಯೂ ಆಯಿತು. ಎರಡೂ ಒಟ್ಟಿಗೆ ನುಗ್ಗಿ ಕಣ್ಣು ಮಂಜಾಯಿತು. "ಎಷ್ಟು ಹೊತ್ತಾಗಬಹುದು?" ಅಂತ ಅಧ್ಯಕ್ಷರು ಕೇಳಿದರು.

"ಆಗುವಷ್ಟು ಹೊತ್ತು ಆಗುತ್ತೆ ಸರ್," ಅಂದಳು ಮೇಡಂ. ದನಿ ಗಟ್ಟಿಯಾಗಿಯೇ ಬಂತು.

"ಬನ್ನಿ ಸರ್, ಕೆಳಗೆ ಟೀ ರೆಡಿ ಇದೆ" ಅಂತ ಮ್ಯಾನೇಜರು ನೋಡಲು ಬಂದವರನ್ನೆಲ್ಲ ಎಬ್ಬಿಸಿಕೊಂಡು ಹೊರಟೇ ಹೋದರು. ಬಾಗಿಲಲ್ಲಿ ತಿರುಗಿ ಮೇಡಂ ಕಡೆ ಬೀರಿದ ನೋಟದಲ್ಲಿ ಕ್ಲಾಸಿನ ಬಾಗಿಲು ಹಾಕಿಯಾಗಿತ್ತು.

ಉಳಿದವರು ಆಯಮ್ಮನ ಸುತ್ತ ನಿಂತರು. ಅವಳು ಕೆಂಪು ಸಾಲನ್ನು ಗಟ್ಟಿಯಾಗಿ ಓದಿದಳು, ಮೇಲಿನ ಸಾಲುಗಳಿಗೆ ಹೋದಳು, ಹನಿಯ ಸಾಲನ್ನೂ ಬಾಟ್ಲಿಯ ಸಾಲನ್ನೂ ಬೆರಳಿಟ್ಟು ಅಕ್ಕಪಕ್ಕ ನೋಡಿದಳು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಲಿಲ್ಲ. ಹಾಕಿದಳು. ಒತ್ತಿದಳು. ಐವತ್ತು ನಿಮಿಷ.

ಡ್ರೈವರಣ್ಣ ಸಿಳ್ಳೆ ಹೊಡೆದ. ಆಯಮ್ಮ ಎದ್ದಳು, ಸೆರಗು ಸರಿಮಾಡಿಕೊಂಡಳು, ಮೆಟ್ಟಿಲಿಳಿದು ಕೆಳಗೆ ಟೀ ಕುಡಿಯುತ್ತಿದ್ದವರ ಹತ್ತಿರ ಹೋದಳು. ಮೇಡಂ ಹಿಂದೆಯೇ ಓಡಿದಳು.

"ಆಯ್ತು, ಬನ್ನಿ ನೋಡೋರಂತೆ," ಅಂದಳು ಆಯಮ್ಮ ಅಧ್ಯಕ್ಷರಿಗೆ.

"ಆಮೇಲೆ ವರದಿ ಕಳಿಸ್ತೀವಿ ಬಿಡಮ್ಮ," ಅಂದರು ಮ್ಯಾನೇಜರು.

"ವರದಿ ಬೇಡ ಸರ್. ಇಷ್ಟು ವರ್ಷ ಯಾರು ಕರೆದ್ರೂ, ಎಷ್ಟೊತ್ತಿಗೆ ಕರೆದ್ರೂ ಓಡಿ ಹೋಗಿದ್ದೀನಿ. ಇವತ್ತು ನಾನು ಕರೀತಿದ್ದೀನಿ. ಬನ್ನಿ."

ಅಧ್ಯಕ್ಷರು ಅವಳ ಮುಖವನ್ನೇ ನೋಡಿದರು. ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಮತ್ತೆ ಮಹಡಿ ಹತ್ತಿದರು. ತಾವೇ ಕೂತು ಆ ಬಾಟ್ಲಿ, ಈ ಬಾಟ್ಲಿ ಅಂತ ಕೊಟ್ಟು ನೋಡಿದರು. ಎದ್ದಾಗ ಹೇಳಿದ್ದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು: "ಇರಲಿ. ಒಂದು ವರ್ಷ ನಡೀಲಿ, ನೋಡೋಣ." ಬೇಡ ಅನ್ನಲಿಲ್ಲವಲ್ಲ, ಅದಕ್ಕೇ ಕೋಣೆಯಲ್ಲಿ ಚಪ್ಪಾಳೆ ಬಿತ್ತು.

ಎಲ್ಲರೂ ಹೋದ ಮೇಲೆ ಮ್ಯಾನೇಜರು ಮೇಡಂ ಹತ್ತಿರ ಬಂದರು. ಸೋತ ಸಿಟ್ಟು ಇನ್ನೂ ಆರಿರಲಿಲ್ಲ. "ಏನು ಶಿಸ್ತು ಮೇಡಂ ಇದು? ಅಷ್ಟು ಜನರ ಮುಂದೆ ಟೀಚರಿಗೇ ಕೈ ತೆಗೀರಿ ಅಂದ್ಲಲ್ಲ ಆ ಹೆಂಗಸು. ನಿಮ್ಮ ಮಾತು ಇವರು ಒಬ್ಬರಾದ್ರೂ ಕೇಳ್ತಾರಾ?"

"ಮೊದಮೊದಲು ಕೇಳ್ತಾ ಇದ್ರು ಸರ್," ಅಂದಳು ಟೈಪ್ ಮೇಡಂ. "ಅದನ್ನ ಬಿಡಿಸೋಕೇ ನನಗೆ ಇಷ್ಟು ಕಾಲ ಹಿಡೀತು."