ವೈನಿ ತುಂಬಿಕೊಟ್ಟ ಥರ್ಮಾಸು

ಮೊನ್ನಿ ಅಟ್ಟ ಹಸನು ಮಾಡಾಕತ್ತಾಗ ಹಳೇ ಕೆಂಪು ಥರ್ಮಾಸು ಸಿಕ್ತು. ಬಿರಡಿ ತೆಗೆದೆ. ಇಷ್ಟು ವರ್ಷ ಆದ್ರೂ ಆಡಿನ ಕೊಬ್ಬಿನ ವಾಸನಿ ಹೋಗಿಲ್ಲ ನೋಡ್ರಿ! ಅಲ್ಲೇ ಕುಂತುಬಿಟ್ಟೆ. ವೈನಿ ನೆನಪಾದ್ಳು...

ವೈನಿ ಅಂದ್ರ ನಮ್ಮ ಒಡಹುಟ್ಟಿದ ಅಣ್ಣನ ಹೆಂಡ್ತಿ ಅಲ್ಲ. ಶಹಾಬಾದದಾಗ ನಮ್ಮ ಮನಿ ಹಿಂದ ಮಟನ್ ಅಂಗಡಿ ಇಟ್ಟಿದ್ದ ಅಣ್ಣನ ಹೆಂಡ್ತಿ. ಚಿಂಚೋಳಿ ಕಡಿಯಾಕಿ. ಎಂಬತ್ತರ ದಶಕದ ಸುರುವಿಗೆ ನಾನು ದಿನಾ ರೈಲಿಗೆ ಹೋಗಿ ಗುಲ್ಬರ್ಗಾದ ಲ್ಯಾಬಿನಾಗ ಸಂಶೋಧನೆ ಮಾಡ್ತಿದ್ದೆ. ಆಡಿನ ಅಂಡಾಣುವಿನ ಸುತ್ತಿನ ಪೊರಿಯಾಗಿನ ಒಂದು ಪ್ರೋಟೀನು ತೆಗೆದು ಮೊಲಕ್ಕ ಚುಚ್ಚೋದು. ಮೊಲದ ರಕ್ತದಾಗ ಅದರ ಪ್ರತಿಕಾಯ ಹುಟ್ತದ. ಮುಂದ ಆ ಪ್ರೋಟೀನು ಎಲ್ಲಿದ್ರೂ ಪ್ರತಿಕಾಯ ಹೋಗಿ ಹಿಡಕೊಂಡು ತೋರಸ್ತದ. ಅದಕ್ಕ ಹೆಣ್ಣಾಡಿನ ಅಂಡಾಶಯ ಬೇಕಿದ್ವು, ರಾಶಿಗಟ್ಟಲೆ. ಅಣ್ಣ ಪುಕ್ಕಟ್ಟೆ ಕೊಡ್ತಿದ್ದ. ವೈನಿ ಬಾರಿಹಣ್ಣಿನ ಗಾತ್ರದ ಅಂಡಾಶಯ ಬಿಡಿಸಿ, ತೊಳೆದು, ಬರ್ಫದ ಜೋಡಿ ಥರ್ಮಾಸಿಗೆ ತುಂಬಿ, ಮುಂಜಾನಿ ಪ್ಯಾಸೆಂಜರ್ ಗಾಡಿ ಬರೋದ್ರಾಗ ನನ್ನ ಕೈಗೆ ಇಡ್ತಿದ್ಳು.

ಮದುವಿಯಾಗಿ ಒಂಬತ್ತು ವರ್ಷ, ಆಕಿಗೆ ಮಕ್ಕಳಿರಲಿಲ್ಲ. ಅತ್ತಿ ಬಾಯಾಗ ದಿನಾ ಬಂಜಿ ಅನ್ನೋದೇ ಮಾತು. ಅಂಗಳ ದಾಟಬೇಕಂದ್ರೂ ಕೇಳಿ ದಾಟಬೇಕು. ತವರಿನವರು ಬರಬ್ಯಾಡ ಅಂದಿದ್ರು. ದೀಪಾವಳಿ ಮುಗಿದ ಮ್ಯಾಲ ಅಣ್ಣಗ ಎರಡನೇ ಮದುವಿ ಅಂತ ನಿಶ್ಚಯ ಆಗಿತ್ತು.

ಒಂದಿನ ಥರ್ಮಾಸು ಕೊಡದೇ ಹಿಡಕೊಂಡು ನಿಂತ್ಳು.

"ತಂಗಿ, ಆಡಿಂದು ಹಿಡಿಯೋ ನಿನ್ನ ಔಷಧ ನಂದೂ ಹಿಡೀತದೇನು? ಇಕಿ ಹೊಟ್ಟ್ಯಾಗ ತತ್ತಿ ಅದ ಅಂತ ಒಂದು ಸಾಲು ಬರಕೊಡು. ಅತ್ತಿಗೆ ತೋರಸ್ತೀನಿ."

"ಇಲ್ರಿ ವೈನಿ, ಅದು ಕೊಯ್ದು ಹೊರಗ ತೆಗೆದದ್ರಾಗ ಅಷ್ಟೇ ತೋರಸ್ತದ."

"ಹಂಗಿದ್ರ ಆಡಾಗಿ ಹುಟ್ಟಬೇಕಿತ್ತು ಬಿಡು," ಅಂತ ನಕ್ಕು ಥರ್ಮಾಸು ಕೊಟ್ಳು.

ದೋಷ ಗಂಡಸಿನಾಗೂ ಇರ್ತದ ಅಂತ ನನಗ ಗೊತ್ತಿತ್ತು. ಅಣ್ಣಗ ಒಂದು ಮಾತು ಹೇಳಬೇಕಿತ್ತು, ಮೊದಲು ನೀವು ದವಾಖಾನಿಗೆ ಹೋಗಿ ತಪಾಸಣಿ ಮಾಡಿಸ್ಕೊಳ್ರಿ ಅಂತ. ಓದಿದ ಹುಡುಗಿ ಅಂತ ಅಣ್ಣ ನನ್ನ ಮಾತಿಗೆ ಭಾಳ ಬೆಲಿ ಕೊಡ್ತಿದ್ದ. ಮೂರು ಸಲ ಅಂಗಡಿ ತನಕ ಹೋದೆ. ಆದ್ರ ಸಿಟ್ಟಿಗೆದ್ದು ಅಂಡಾಶಯ ಕೊಡೋದೇ ಬಿಟ್ರ? ಮೊಲಕ್ಕ ಇನ್ನೂ ಎರಡು ಚುಚ್ಚುಮದ್ದು ಬಾಕಿ ಇದ್ವು. "ಅಣ್ಣಾ, ನಾಳಿಗಿ ನಾಕು ಹೆಚ್ಚಿಗಿ ಬೇಕ್ರಿ" ಅಂತ ಹೇಳಿ ತಿರುಗಿ ಬಂದೆ. ಮೂರು ಸಲಾನೂ. ನನ್ನ ಓದಿಗೆ ಬೆಂಕಿ ಹಚ್ಚ!

ಮದುವಿ ಆತು. ವೈನಿ ಹಿತ್ತಲ ಕೋಣಿ ಸೇರಿದ್ಳು. ಆಮ್ಯಾಲ ಥರ್ಮಾಸು ಕಿಟಕ್ಯಾಗಿಂದ ಕೊಡ್ತಿದ್ಳು. ಹೊಸಾಕಿಗೂ ಮಕ್ಕಳಾಗಲಿಲ್ಲ. ಆಗಾದ್ರೂ ಅತ್ತಿಗೆ ಬುದ್ಧಿ ಬರಬೇಕಲ್ಲ? ಬಂಜಿ ಕಣ್ಣು ಬಿತ್ತು ಅಂತ ಆ ಕಿಟಕಿಗೂ ಹಲಗಿ ಬಡಿಸಿದ್ಳು.

ನನ್ನ ಪ್ರತಿಕಾಯ ಛಲೋ ಬಂತು. ಸೂಕ್ಷ್ಮದರ್ಶಕದಾಗ ನೋಡಿದ್ರ ಒಂದೊಂದು ಅಂಡಾಣುವಿನ ಸುತ್ತ ಕಂದು ಬಣ್ಣದ ಬಳಿ. ಪದವಿ ಸಿಕ್ತು, ಊರು ಬಿಟ್ಟೆ. ವೈನಿ ತೀರಿಕೊಂಡ ಸುದ್ದಿ ಅವ್ವನ ಪತ್ರದಾಗ ಬಂತು.

ಥರ್ಮಾಸು ಪಕ್ಕಕ್ಕಿಟ್ಟು ನನ್ನ ಪ್ರಬಂಧ ಹುಡುಕಿ ತೆಗೆದೆ. ಮೊದಲ ಪುಟದಾಗ ಅಂಡಾಶಯ ಕೊಟ್ಟ ಅಣ್ಣಗ ಧನ್ಯವಾದ ಬರೆದೀನಿ. ಇನ್ನೂರು ಪುಟ ಬರೆದಾಕಿ ನಾನು. ವೈನಿ ಕೇಳಿದ್ದು ಒಂದು ಸಾಲು.