ಐದು ಬೆರಳ ಪ್ರಶ್ನೆ ಹೊತ್ತು ಪೀಣ್ಯಕ್ಕೆ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೂಡಿಯಲ್ಲಿ ಮೆಟ್ರೊ ಹತ್ತಿದೆ. ಮೆಜೆಸ್ಟಿಕ್‌ನಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ಪೀಣ್ಯ ಸೇರುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್‌ಗೆ ಸಿಕ್ಕಿ ಬಲಗೈಯ ನಾಲ್ಕು ಬೆರಳು ಹೋದ ದಿನದಿಂದ ನನ್ನಣ್ಣ ಶಿವಣ್ಣ ಯಾರೊಡನೆಯೂ ಮಾತಾಡಿರಲಿಲ್ಲ. ಎರಡು ತಿಂಗಳಾಗಿತ್ತು. ಒಂದಾದರೂ ಉತ್ತರ ಪಡೆದೇ ಬರಬೇಕೆಂದು ಹೊರಟಿದ್ದೆ.

ಚಿಂಪಾಂಜಿಗಳ ವಿಡಿಯೊ ನೋಡಿ, ಯಾವುದು ಯಾವಾಗ ಏನು ಸನ್ನೆ ಮಾಡಿತೆಂದು ಸಂಶೋಧಕರಿಗಾಗಿ ಗುರುತು ಹಾಕುವುದು ಆಫೀಸಿನಲ್ಲಿ ನನ್ನ ಕೆಲಸ. "ಮಂಗ ನೋಡೋಕೂ ಸಂಬಳ ಕೊಡ್ತಾರೇನೇ?" ಎಂದು ಅಣ್ಣ ಮೊದಲೆಲ್ಲ ರೇಗಿಸುತ್ತಿದ್ದ. ಆದರೆ ಅವೂ ನಮ್ಮಂತೆ ಸರದಿ ಮೇಲೆ ಮಾತಾಡುತ್ತವೆ. ಒಂದು ಚಿಂಪಾಂಜಿ ಕೈ ಚಾಚಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದರ ಉತ್ತರ ಬರುತ್ತದೆ. ಬಾರದಿದ್ದರೆ ಮುಖ ನೋಡುತ್ತ ಕಾದು, ಮತ್ತೆ ಚಾಚುತ್ತದೆ. ಬಾಯಿಮಾತು ಸೋತಲ್ಲಿ ಕೈಮಾತು ಗೆದ್ದೀತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಿಲ್ದಾಣದ ಕೆಳಗೆ ಬಸಣ್ಣ ಸ್ಕೂಟರ್ ಹಿಡಿದು ನಿಂತಿದ್ದ. ಹದಿನೆಂಟು ವರ್ಷ ಅಣ್ಣನ ಪಕ್ಕದ ಮಷೀನಿನಲ್ಲಿ ದುಡಿದವನು. ಪ್ರೆಸ್‌ಗಳ ಸದ್ದಿನಲ್ಲಿ ಕೂಗಿದರೂ ಕೇಳದು, ಹಾಗಾಗಿ ಅಲ್ಲಿ ಎಲ್ಲರದೂ ಕೈಮಾತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದರ್ಶಿನಿಯೊಂದರಲ್ಲಿ ಇಡ್ಲಿ ತಿನ್ನುತ್ತ ಒಂದು ಸನ್ನೆ ಕಲಿಸು ಎಂದೆ. ಅವನು ಬಲಗೈ ಎತ್ತಿ ಐದೂ ಬೆರಳು ಅಗಲಿಸಿದ.

"ಮಷೀನ್ ಶುರು ಮಾಡೋಕ್ಮುಂಚೆ 'ಎಲ್ಲಾ ಸರೀನಾ' ಅಂತ ಹಿಂಗೆ ಕೇಳ್ತೀವಿ. ಪಕ್ಕದ ಮಷೀನಿನೋನೂ ಹಿಂಗೇ ತೋರಿಸ್ಬೇಕು. ಶಿವಣ್ಣ ಒಂದಿನಾನೂ ತಪ್ಪಿಸ್ದೋನಲ್ಲ ಕಣಮ್ಮ."

ಆ ಸನ್ನೆಯಲ್ಲಿ ತಪ್ಪೇನಿದೆಯೆಂದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ರಾಜಗೋಪಾಲನಗರದಲ್ಲಿ ಎರಡನೇ ಮಹಡಿಯ ಒಂದು ಕೋಣೆ ಅಣ್ಣನದು. ಮದುವೆಯಾಗದ ಒಂಟಿ ಜೀವ. ಬಲಗೈ ಮೇಲೆ ಟವೆಲ್ ಹೊದಿಸಿಕೊಂಡು ಚಾಪೆಯ ಮೇಲೆ ಕುಳಿತಿದ್ದ. ನಾನು ಬಾಗಿಲಲ್ಲೇ ನಿಂತು ಕೈ ಎತ್ತಿ, ಐದೂ ಬೆರಳು ಅಗಲಿಸಿ, ಅವನ ಮುಖ ನೋಡುತ್ತ ಕಾದೆ.

ಅವನ ಕೈ ತಾನಾಗಿಯೇ ಮೇಲೆದ್ದಿತು. ಟವೆಲ್ ಜಾರಿತು. ಹೆಬ್ಬೆರಳೊಂದೇ ನಿಂತಿತ್ತು. ಅಣ್ಣ ಅದನ್ನು ಹೊಸದಾಗಿ ಕಂಡವನಂತೆ ನೋಡಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಕೈ ಇಳ್ಸಮ್ಮ," ಎಂದ ಬಸಣ್ಣ. "ಇಳ್ಸು."

ಅಣ್ಣ ಎದ್ದು ಬಂದು, ನಮ್ಮತ್ತ ನೋಡದೆ ಬಾಗಿಲು ಮುಚ್ಚಿದ. ಒಳಗೆ ಎಡಗೈಗೆ ಚಿಲಕ ಬಗ್ಗದೆ ಖಟಖಟಿಸುತ್ತಿತ್ತು. ಅದು ಬೀಳುವವರೆಗೂ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತು ಆ ಸದ್ದು ಕೇಳಿದೆವು.