ಪಾತ್ರೆಯ ಸದ್ದು ಒಳಗಿನಿಂದ ಬರುತ್ತಿತ್ತು

ಕಳೆದ ವಾರ ದೇವರ ಗೂಡಿನ ಕೆಳಗಿನ ಡ್ರಾಯರ್ ಒರೆಸುತ್ತಿದ್ದೆ. ಹಳೆಯ ಪಂಚಾಂಗಗಳ ಅಡಿಯಿಂದ ಒಂದು ಮೋಟು ಪೆನ್ಸಿಲ್ ಉರುಳಿ ಬಂತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಮೂಗಿನ ಹತ್ತಿರ ಹಿಡಿದೆ. ಮೇಣದ ವಾಸನೆ, ಮರದ ವಾಸನೆ... ಅಷ್ಟಕ್ಕೇ ಕೈಯಲ್ಲಿದ್ದ ಬಟ್ಟೆ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮದ್ರಾಸಿನ ವೆಸ್ಟ್ ಮಾಂಬಲಂನಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿದ್ದೆವು. ನೆಲಮಹಡಿಯಲ್ಲಿ ಅವರಿದ್ದರು. ಶಾಲೆಯಿಂದ ನಿವೃತ್ತರಾದ ಇಂಗ್ಲಿಷ್ ಟೀಚರ್, ಒಂಟಿ ಜೀವ. ಇಡೀ ಬೀದಿಗೆ ಅವರು ‘ಮಿಸ್’, ನನಗೂ ಅಷ್ಟೆ. ನನ್ನ ಮಗಳು ಹತ್ತನೇ ತರಗತಿ. ಸಂಜೆ ಐದಕ್ಕೆ ಇನ್ನೂ ಏಳೆಂಟು ಮಕ್ಕಳ ಜೊತೆ ಅವರ ಹಾಲ್‌ನಲ್ಲಿ ಚಾಪೆಯ ಮೇಲೆ ಕೂರುತ್ತಿದ್ದಳು. ನಾನು ಸೊಪ್ಪು ಬಿಡಿಸುವ ನೆಪದಲ್ಲಿ ಅವರ ಹೊಸಿಲಿನ ಹತ್ತಿರ ಕೂರುತ್ತಿದ್ದೆ. ನನ್ನ ಇಂಗ್ಲಿಷ್ ರೇಷನ್ ಕಾರ್ಡ್ ಓದುವಷ್ಟು, ಅದರ ಮೇಲೆ ಸ್ವಲ್ಪ. ಆದರೂ ಕೇಳುವುದಕ್ಕೆ ಹಿತವಾಗಿತ್ತು.

ಪರೀಕ್ಷೆಯಲ್ಲಿ ಮಕ್ಕಳು ನೋಡಿರದ ಒಂದು ಗದ್ಯಭಾಗ ಕೊಡುತ್ತಾರಲ್ಲ, ಅದರಲ್ಲಿ ಬರೆದವರ ಯೋಚನೆ ಏನು, ಭಾವನೆ ಏನು, ಯಾವ ಸಾಲಿನಿಂದ ಅದು ತಿಳಿಯಿತು ಎಂದು ಬರೆಯಬೇಕು. ಮಿಸ್ ಪ್ರತಿ ಮಗುವಿಗೂ ಇಂಥದೊಂದು ಪೆನ್ಸಿಲ್ ಕೊಟ್ಟಿದ್ದರು. ಯೋಚನೆಯ ಕೆಳಗೆ ನೀಲಿ ಗೆರೆ, ಭಾವನೆಯ ಕೆಳಗೆ ಕೆಂಪು. “ಸಾಲು ತೋರಿಸದೆ ಬಾಯಿ ಬಿಡಬೇಡಿ” ಎನ್ನುತ್ತಿದ್ದರು. ಮಕ್ಕಳು ಜಾಣರು, ಗೈಡ್ ಪುಸ್ತಕದ ಉತ್ತರವನ್ನೆಲ್ಲ ಬಾಯಿಪಾಠ ಮಾಡಿ ಬಂದುಬಿಡುತ್ತಿದ್ದರು. ಯಾವ ಪ್ಯಾಸೇಜ್ ಕೊಟ್ಟರೂ “ಬರೆದವರಿಗೆ ದುಃಖವಾಗಿದೆ, ಏಕೆಂದರೆ ಮಳೆ ಬರುತ್ತಿದೆ” ಎಂದೇ ಬರೆಯುತ್ತಿದ್ದರು. ಒಂದು ದಿನ ಮಿಸ್‌ಗೆ ರೇಗಿತು.

“ಎನ್ನಡಾ, ಮದ್ರಾಸಿನಲ್ಲಿ ಮಳೆ ಬಂದರೆ ಅಳೋರು ಯಾರು? ಕುಣೀತಾರೆ. ಮನೆಯಿಂದ ಕಾಗದ ತನ್ನಿ. ತಾತ ಬರೆದದ್ದೋ ಅತ್ತೆ ಬರೆದದ್ದೋ, ಯಾವ ಗೈಡ್‌ನಲ್ಲೂ ಇಲ್ಲದ್ದು. ಯಾರು ಬರೆದದ್ದು ಅಂತ ಮಾತ್ರ ಹೇಳಬಾರದು.”

ನನಗೆ ತಕ್ಷಣ ನೆನಪಾದದ್ದು ತಂಗಿಯ ಕಾಗದ. ಅವಳನ್ನು ಬಳ್ಳಾರಿ ಕಡೆಗೆ ಕೊಟ್ಟು ಮೂರು ವರ್ಷವಾಗಿತ್ತು. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು, ಅವಳಿಗೆ ತವರು ಎಂದರೆ ನಾನೊಬ್ಬಳೇ. ಅವಳ ಮನೆಯಲ್ಲಿ ಫೋನಿರಲಿಲ್ಲ. ತಿಂಗಳಿಗೊಂದು ಇನ್‌ಲ್ಯಾಂಡ್ ಬರುತ್ತಿತ್ತು. ಎಷ್ಟು ಚೆಂದ ಬರೆಯುತ್ತಾಳೆಂದು ನನಗೆ ಹೆಮ್ಮೆ. ಮರುದಿನ ಮಕ್ಕಳು ಬರುವ ಮೊದಲೇ ಹೋಗಿ ಮಿಸ್‌ಗೆ ಆ ಕಾಗದವನ್ನು ತಮಿಳಿನಲ್ಲಿ ಓದಿ ಹೇಳಿದೆ. ಅವರು ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದರು. ಕಾಗದದಲ್ಲಿದ್ದದ್ದು ಇಷ್ಟು:

‘ಬೆಳಿಗ್ಗೆ ತಂತಿಯ ಮೇಲೆ ಗುಬ್ಬಿಗಳು ಕೂರುತ್ತವೆ. ಬೇವಿನ ಹೂವು ಹಾಸಿಗೆಯ ಮೇಲೆ ಉದುರುತ್ತದೆ, ಗುಡಿಸುವುದಿಲ್ಲ, ಹಾಗೇ ಬಿಡುತ್ತೇನೆ. ಮಧ್ಯಾಹ್ನ ಒಳಗಿನಿಂದ ಪಾತ್ರೆಯ ಸದ್ದು ಕೇಳಿಸಿದರೆ ಊಟದ ಹೊತ್ತಾಯಿತೆಂದು ಗೊತ್ತಾಗುತ್ತದೆ. ಸಂಜೆ ಎಲ್ಲರೂ ನಗುವುದು ಕೇಳಿಸುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.’

ಕೂತಲ್ಲಿಗೆ ಊಟ ಬರುತ್ತದೆ, ಗುಬ್ಬಿ ನೋಡಿಕೊಂಡಿದ್ದಾಳೆ, ಪುಣ್ಯವಂತೆ ಎಂದೇ ನಾನು ತಿಳಿದಿದ್ದೆ. ಗುರುವಾರ ಮಠದಲ್ಲಿ ರಾಯರ ಮುಂದೆ ಅದಕ್ಕೆ ಕೈ ಮುಗಿದೂ ಬಂದಿದ್ದೆ.

ಮಕ್ಕಳು ಬಂದರು, ಬರೆದುಕೊಂಡರು. ಮೊದಲು ಎದ್ದ ಹುಡುಗ “ಶಾಂತಿ, ಮಿಸ್. ಪ್ರಕೃತಿ ವರ್ಣನೆ” ಎಂದ. ನಾನು ಹೊಸಿಲಲ್ಲಿ ಕೂತು ನಗುತ್ತಿದ್ದೆ. ಆಮೇಲೆ ನನ್ನ ಮಗಳು ಎದ್ದಳು. ಚಿಕ್ಕಮ್ಮನ ಕಾಗದವೆಂದು ಅವಳಿಗೆ ಗೊತ್ತಿಲ್ಲ. ಪರೀಕ್ಷೆಯ ಉತ್ತರ ಒಪ್ಪಿಸುವ ದನಿಯಲ್ಲಿ ಶುರುಮಾಡಿದಳು.

“ಬರೆದವರು ಮನೆ ಒಳಗೆ ಇಲ್ಲ ಮಿಸ್. ಪಾತ್ರೆ ಸದ್ದು ಒಳಗಿನಿಂದ ಬರುತ್ತೆ, ಮೂರನೇ ಸಾಲು. ಹಾಸಿಗೆ ಮೇಲೆ ಹೂವು ಬೀಳುತ್ತೆ, ಅಂದರೆ ಹಾಸಿಗೆ ಕೂಡ ಹೊರಗಿದೆ. ಗುಡಿಸಲ್ಲ ಅಂತಾರೆ, ಎದ್ದೇಳೋಕೆ ಆಗಲ್ವೇನೋ. ಎಲ್ಲರೂ ನಗ್ತಾರೆ, ಇವರು ಅಲ್ಲಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ ಅನ್ನುವಾಗ ತನ್ನನ್ನು ಲೆಕ್ಕಕ್ಕೆ ತಗೊಂಡಿಲ್ಲ. ಭಾವನೆ, ಒಂಟಿತನ. ಮತ್ತೆ ಭಯ. ಅವರನ್ನ ಯಾರೋ ಬೇರೆ ಇಟ್ಟಿದಾರೆ.”

ಮಿಸ್ ಬೋರ್ಡಿನ ಕಡೆ ತಿರುಗಿದರು. ಸಾಲುಗಳನ್ನು ಒಂದೊಂದಾಗಿ ನೋಡಿ, ಹೌದೆಂಬಂತೆ ತಲೆಯಾಡಿಸಿದರು. ನನ್ನ ಕೈಯಲ್ಲಿದ್ದ ಸೊಪ್ಪಿನ ಕಂತೆ ಹಾಗೇ ಇತ್ತು. ಮಗಳು ನನ್ನ ಮುಖ ನೋಡಿ “ಅಮ್ಮಾ? ಏನಾಯ್ತು? ಅದು ಚಿಕ್ಕಮ್ಮನ ಲೆಟರಾ?” ಎಂದಳು. ಮಿಸ್ ಮಕ್ಕಳನ್ನು ಬೇಗ ಕಳಿಸಿಬಿಟ್ಟರು.

ನಮ್ಮ ಯಜಮಾನರು ಆಫೀಸಿನಿಂದ ಬಂದವರು ಎಲ್ಲ ಕೇಳಿ, “ಟೆಂತ್ ಹುಡುಗಿ ಆನ್ಸರ್ ನಂಬ್ಕೊಂಡು ಬಳ್ಳಾರಿಗೆ ಟಿಕೆಟ್ ತಗೋತಾರೇನೆ ಯಾರಾದ್ರೂ?” ಎಂದರು. ನಾನು ಪೆಟ್ಟಿಗೆಯಿಂದ ಹಳೆಯ ಕಾಗದಗಳನ್ನು ತೆಗೆದು ಹರಡಿದೆ. ಇದೂ ಸೇರಿ ಪಾತ್ರೆಯ ಸದ್ದು ನಾಲ್ಕು ಕಾಗದದಲ್ಲಿತ್ತು. ನಾಲ್ಕನ್ನೂ ನಾನು ಗಟ್ಟಿಯಾಗಿ ಓದಿ ಅವರಿಗೆ ಕೇಳಿಸಿದ್ದೆ. ಮರುದಿನ ಅವರೇ ಟಿಕೆಟ್ ತಂದರು.

ಹೊರಡುವಾಗ ಮಿಸ್ ಗೇಟಿನವರೆಗೂ ಬಂದರು. “ನಾವು ಓದಿದ್ದು ತಪ್ಪಿರಬಹುದಮ್ಮಾ. ತಪ್ಪಿದ್ದರೆ ತಂಗೀನ ನೋಡಿಕೊಂಡು ಬಂದ ಹಾಗಾಯಿತು. ಹೋಗಿ ಬನ್ನಿ.”

ತಪ್ಪಿರಲಿಲ್ಲ. ಹಿತ್ತಲಲ್ಲಿ ಸೌದೆ ಒಟ್ಟುವ ತಗಡಿನ ಕೋಣೆ, ಮುಂದೆ ಬೇವಿನ ಮರ. ಮರದ ಕೆಳಗೆ ಒಂದು ಹಗ್ಗದ ಮಂಚ, ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ. ಮಂಚದ ಮೇಲೆ ಕೂತಿದ್ದವಳು ನನ್ನ ತಂಗಿ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಅಷ್ಟು ಇಳಿದುಹೋಗಿದ್ದಳು. ಟಿ.ಬಿ. ಆಗಿ ಏಳು ತಿಂಗಳಾಗಿತ್ತಂತೆ. ಸುದ್ದಿ ಹೊರಗೆ ಹೋದರೆ ನಾದಿನಿಯ ಮದುವೆ ನಿಲ್ಲುತ್ತದೆಂದು ಆಸ್ಪತ್ರೆಗೂ ಸರಿಯಾಗಿ ತೋರಿಸಿರಲಿಲ್ಲ, ಯಾರೋ ಕೊಟ್ಟ ಕಷಾಯ ಕುಡಿಸುತ್ತಿದ್ದರು. ಅವಳ ಗಂಡ ಬಾಗಿಲಲ್ಲಿ ನಿಂತು ತನ್ನ ಕಾಲ ಬೆರಳು ನೋಡಿಕೊಳ್ಳುತ್ತಿದ್ದರು.

ಅವಳು ನನಗೆ ಹತ್ತಿರ ಬರಬೇಡ ಎಂದು ಕೈ ಮಾಡಿದಳು. ಆಮೇಲೆ, “ನಾನು ಬರ್ದಿದ್ದನ್ನ ಅತ್ತೆ ಓದಿಯೇ ಪೋಸ್ಟಿಗೆ ಹಾಕೋದು ಅಕ್ಕ. ಏನು ಬರೆಯೋದು? ಪಾತ್ರೆ ಸದ್ದು ಅಂತ ಬರ್ದೆ. ನಿಂಗೆ ಹೊಳೆಯುತ್ತೆ ಅಂತ. ನಾಲ್ಕು ಸಲ ಬರ್ದೆ” ಎಂದಳು.

ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ಅನ್ನ ಇಳಿಯುವುದಿಲ್ಲ.

ಅವಳನ್ನು ಕರೆದುಕೊಂಡು ಬಂದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಕೊಟ್ಟರು, ಕೆಲವು ವಾರ ಮಾತ್ರೆ ತೆಗೆದುಕೊಂಡರೆ ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಗಳಿಗೆ ಏನೂ ಆಗಲಿಲ್ಲ. ಒಂದೊಂದೂ ರಾಯರ ದಯೆ. ಆದರೆ ನಾನು ಮಾಡಿದ್ದನ್ನು ಕೇಳಿ.

ಬಂದ ಮರುದಿನ ಮೆಟ್ಟಿಲ ಹತ್ತಿರ ಮಿಸ್ ಸಿಕ್ಕರು. “ತಂಗಿ ಹೇಗಿದಾರೆ?” ಎಂದರು. ಸುತ್ತ ಎಂಟು ಮನೆ, ಎಲ್ಲರದೂ ಕಿವಿ. ಟಿ.ಬಿ. ಎಂದರೆ ಓನರ್ ಮನೆ ಖಾಲಿ ಮಾಡಿಸುತ್ತಾರೆ, ನಾಳೆ ಮಗಳ ಮದುವೆಗೂ ಅದೇ ಮಾತು ಬರುತ್ತದೆ. ನಾನು ನಕ್ಕೆ. “ಏನೂ ಇಲ್ಲ ಮಿಸ್, ಚೆನ್ನಾಗಿಯೇ ಇದ್ದಳು. ಸುಮ್ಮನೆ ಹೆದರಿದೆವು. ಒಂದಷ್ಟು ದಿನ ಇರಲಿ ಅಂತ ಕರಕೊಂಡು ಬಂದೆ.”

ಅವರು ನನ್ನ ಮುಖ ನೋಡಿದರು. “ನಲ್ಲದು” ಎಂದರು. ಒಳ್ಳೆಯದಾಯಿತು ಎಂದು.

ಆ ಸಂಜೆ ನಾನು ಕೆಳಗೆ ಹೋಗಲಿಲ್ಲ. ಮಗಳು ಟ್ಯೂಷನ್ ಮುಗಿಸಿ ಬಂದು ಚೀಲ ಎಸೆದಳು. “ಮಿಸ್ ಎಲ್ಲರ ಮುಂದೆ ಸಾರಿ ಕೇಳಿದ್ರು. ಅವತ್ತು ನಾವು ಜಾಸ್ತಿ ಓದಿಬಿಟ್ವಿ, ಬರೆದವರು ಹೇಳದೇ ಇರೋದನ್ನ ಅವರ ತಲೆ ಮೇಲೆ ಹಾಕಬಾರದು, ಅದು ನನ್ನ ತಪ್ಪು ಅಂದ್ರು. ನನ್ ಆನ್ಸರ್ ಕರೆಕ್ಟು ಅಮ್ಮ. ನಿನಗೆ ಗೊತ್ತು.” ಬಾಯಿ ಬಿಡಕೂಡದೆಂದು ಅವಳಿಂದ ಆಣೆ ಹಾಕಿಸಿಕೊಂಡವಳು ನಾನೇ. ಒಳಕೋಣೆಯಲ್ಲಿ ತಂಗಿ ಕೆಮ್ಮು ಕೇಳಿಸದಿರಲೆಂದು ಬಾಯಿಗೆ ಸೆರಗು ಒತ್ತಿಕೊಂಡು ಮಲಗಿದ್ದಳು. ಅವಳನ್ನು ಅವರು ಹಿತ್ತಲಲ್ಲಿ ಬಚ್ಚಿಟ್ಟಿದ್ದರು. ನಾನು ಎರಡನೇ ಮಹಡಿಯಲ್ಲಿ.

ಅಂದಿನಿಂದ ಮಿಸ್ ಮಕ್ಕಳ ಮನೆಯಿಂದ ಕಾಗದ ತರಿಸಲಿಲ್ಲ. ಮತ್ತೆ ಗೈಡ್ ಪುಸ್ತಕವೇ ಬಂತು. ಮಕ್ಕಳಿಗೆ ಮಾರ್ಕು ಚೆನ್ನಾಗಿಯೇ ಬಂತು. ಎರಡು ವರ್ಷಕ್ಕೆ ಅವರ ಮಂಡಿ ಸೋತಿತು, ಅವರ ಅಕ್ಕನ ಮಗಳು ಬೆಸೆಂಟ್ ನಗರಕ್ಕೆ ಕರೆದುಕೊಂಡು ಹೋದಳು. ಹೋಗಿ ಹೇಳಬೇಕು, ಮುಂದಿನ ವಾರ ಹೋಗಬೇಕು... ಎಂದುಕೊಳ್ಳುತ್ತಲೇ ಇದ್ದೆ. ಮಾಂಬಲಂನಿಂದ ಬೆಸೆಂಟ್ ನಗರ ಎಷ್ಟು ದೂರ? ಒಂದು ಬಸ್ಸು ಸಾಕು. ಮಗಳ ಮದುವೆ ಆಗಲಿ ಎಂದು ಕಾದೆ. ಅದೂ ಆಯಿತು.

ಕೊನೆಗೆ ಹೊರಡಿಸಿದವಳು ತಂಗಿ. ಅಷ್ಟು ಹೊತ್ತಿಗೆ ಅವಳು ಪೂರ್ತಿ ಗುಣವಾಗಿ, ನಮ್ಮ ಹತ್ತಿರದಲ್ಲೇ ಮನೆ ಮಾಡಿಕೊಂಡು, ಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. “ನನ್ನ ಕಾಗದ ಓದಿದೋರನ್ನ ನಾನು ನೋಡ್ಲೇ ಇಲ್ವಲ್ಲ ಅಕ್ಕ” ಎಂದಳು. ಹಣ್ಣು ಹೂವು ತೆಗೆದುಕೊಂಡು ಹೋದೆವು. ಬಾಗಿಲು ತೆರೆದ ಅಕ್ಕನ ಮಗಳು, ಮಿಸ್ ತೀರಿಕೊಂಡು ಎಂಟು ತಿಂಗಳಾಯಿತು ಎಂದಳು.

ನಾನು ಮೆಟ್ಟಿಲ ಕಡೆ ತಿರುಗಿದೆ. ತಂಗಿ ಮಾತ್ರ ಹೊಸಿಲಲ್ಲೇ ನಿಂತು, ತನ್ನ ಅರೆಬರೆ ತಮಿಳಿನಲ್ಲಿ, “ಆ ಕಾಗದ ಬರೆದವಳು ನಾನು. ಅವರು ಓದಿದ್ದಕ್ಕೆ ನಾನು ಬದುಕಿದೆ” ಎಂದಳು. ಆ ಹೆಣ್ಣುಮಗಳಿಗೆ ಏನೂ ಅರ್ಥವಾಗಲಿಲ್ಲ. ಪಾಪ, ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು.

ನನ್ನ ನಗುವನ್ನು ಅವರು ಅಂದು ನಂಬಿದರೋ, ಓದಿದರೋ, ತಿಳಿಯದು. ಓದಿಯೂ ನನ್ನ ಮಾನ ಉಳಿಸಲೆಂದು ಮಕ್ಕಳ ಮುಂದೆ ತಪ್ಪು ತಮ್ಮದೆಂದರೋ... ಅದನ್ನು ಕೇಳಲು ಈಗ ಯಾರೂ ಇಲ್ಲ. ತಂಗಿ ಇದ್ದಾಳೆ. ಮೊನ್ನೆ ಬಂದವಳು ನನ್ನ ಅಡುಗೆಮನೆಯಲ್ಲಿ ನಿಂತು ಸಾರಿಗೆ ಉಪ್ಪು ಸಾಲದು ಎಂದು ಬೈದು ಹೋದಳು. ಆ ಬೈಗುಳವೂ ದೇವರು ಕೊಟ್ಟದ್ದೇ. ಮೆಟ್ಟಿಲ ಹತ್ತಿರ ಒಂದು ಮಾತಿನಲ್ಲಿ ಹೇಳಬಹುದಾಗಿದ್ದದ್ದನ್ನು ಇಷ್ಟುದ್ದ ಬರೆದಿದ್ದೇನೆ. ಮಿಸ್, ಅವಳು ಹೊರಗೇ ಇದ್ದಳು. ನೀವು ಓದಿದ್ದು ಸರಿಯಾಗಿತ್ತು.